ಒಬ್ಬರೇ ವಿದೇಶಕ್ಕೆ ಹೊರಟಿದ್ದೀರಾ? ಮನೆ ಅದಲುಬದಲು ಮಾಡಿಕೊಳ್ಳುವ ಕ್ರಮ ಇಲ್ಲಿದೆ

"ಹೋಟೆಲ್‌ಗೆ ದುಡ್ಡು ಕೊಡದೆ ಯುರೋಪಿನಲ್ಲಿ ಮೂರು ವಾರ ಇರಬಹುದಂತೆ, ಹೌದಾ?" "ಒಬ್ಬಳೇ ಹೋಗ್ತಿದ್ದೀನಿ, ಗುರುತು ಪರಿಚಯ ಇಲ್ಲದವರ ಮನೆ ಅಂದ್ರೆ ಭಯ ಇಲ್ವಾ?" "ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಯಾರು ಬರ್ತಾರೆ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಈ ಮೂರು. ಮೊದಲನೆಯದಕ್ಕೆ ಉತ್ತರ ಹೌದು. ಉಳಿದೆರಡಕ್ಕೆ ಉತ್ತರ ನಿಮ್ಮ ತಯಾರಿಯ ಮೇಲೆ ನಿಂತಿದೆ. ಆ ತಯಾರಿಗೆ ಕನಿಷ್ಠ ಆರು ತಿಂಗಳು ಬೇಕು.

ಮನೆ ಅದಲುಬದಲು ಎಂದರೆ ಅವರ ಮನೆಯಲ್ಲಿ ನೀವು, ನಿಮ್ಮ ಮನೆಯಲ್ಲಿ ಅವರು. ಬಾಡಿಗೆ ಯಾರೂ ಯಾರಿಗೂ ಕೊಡುವುದಿಲ್ಲ. ಇದು ಹೊಸ ಪದ್ಧತಿಯಲ್ಲ. ಬೇಸಿಗೆ ರಜೆಯಲ್ಲಿ ಪರಸ್ಪರರ ಮನೆಗಳಲ್ಲಿ ತಂಗಲು ಯುರೋಪಿನ ಶಾಲಾ ಶಿಕ್ಷಕರು 1953ರಲ್ಲಿ ಶುರುಮಾಡಿದ ಇಂಟರ್‌ವ್ಯಾಕ್ ಇವತ್ತಿಗೂ ನಡೆಯುತ್ತಿದೆ. 1992ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೋಮ್‌ಎಕ್ಸ್‌ಚೇಂಜ್ 2017ರಲ್ಲಿ ಫ್ರಾನ್ಸಿನ ಗೆಸ್ಟ್‌ಟುಗೆಸ್ಟ್ ಕಂಪನಿಯ ಕೈಸೇರಿತು. ಅದರಲ್ಲಿ ಫ್ರಾನ್ಸಿನ ಮನೆಗಳು ಹೇರಳವಾಗಿವೆ. ಹಾಗಾಗಿ ಇಲ್ಲಿ ಉದಾಹರಣೆಗೆ ಫ್ರಾನ್ಸಿನ ಲಿಯೋನ್ ನಗರವನ್ನೇ ಇಟ್ಟುಕೊಂಡಿದ್ದೇವೆ: ಬೆಂಗಳೂರು ಅಥವಾ ಮೈಸೂರಿನ ಮನೆಯವರು ಜುಲೈಯಲ್ಲಿ ಮೂರು ವಾರ ಅಲ್ಲಿಗೆ ಹೊರಟಿದ್ದಾರೆ ಎಂದುಕೊಳ್ಳಿ.

ಹಂತ 1: ಯಾವ ಬಗೆಯ ಅದಲುಬದಲು ಎಂದು ಮೊದಲು ತೀರ್ಮಾನಿಸಿ

ನಾಲ್ಕು ಬಗೆಗಳಿವೆ. ಇಬ್ಬರೂ ಒಂದೇ ಸಮಯದಲ್ಲಿ ಮನೆ ಬದಲಿಸಿಕೊಳ್ಳುವುದು ಮೊದಲನೆಯದು. ನೀವು ಜುಲೈಯಲ್ಲಿ ಹೋಗಿ, ಅವರು ಡಿಸೆಂಬರಿನಲ್ಲಿ ಬರುವುದು ಎರಡನೆಯದು. ಮೂರನೆಯದು ಪಾಯಿಂಟ್ ಲೆಕ್ಕ: ನಿಮ್ಮ ಮನೆಯಲ್ಲಿ ಯಾರೋ ಉಳಿದರೆ ಜಾಲತಾಣ ನಿಮ್ಮ ಖಾತೆಗೆ ಇಂತಿಷ್ಟು ಪಾಯಿಂಟ್ ಹಾಕುತ್ತದೆ, ಅದನ್ನು ನೀವು ಬೇರೆ ಯಾರದೋ ಮನೆಯಲ್ಲಿ ಖರ್ಚು ಮಾಡುತ್ತೀರಿ. ನಾಲ್ಕನೆಯದು ಮನೆಯವರು ಮನೆಯಲ್ಲಿರುವಾಗಲೇ ಒಂದು ಕೋಣೆ ಕೊಡುವುದು.

ನಮ್ಮವರು ಎಡವುವುದು ಮೊದಲನೆಯದರಲ್ಲಿ. ಫ್ರೆಂಚರು ಮನೆ ಖಾಲಿ ಮಾಡಿ ರಜೆಗೆ ಹೊರಡುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಇಲ್ಲಿ ಮಳೆಗಾಲ. ಅವರು ಕರ್ನಾಟಕ ನೋಡಲು ಬಯಸುವುದು ನವೆಂಬರಿನಿಂದ ಫೆಬ್ರವರಿವರೆಗೆ. ಎರಡು ಕಡೆಯ ಕಾಲ ಹೊಂದುವುದೇ ಇಲ್ಲ. ಒಂದೇ ಸಮಯದ ಅದಲುಬದಲಿಗೆ ಪಟ್ಟುಹಿಡಿದು ಕೂತವರಿಗೆ ತಿಂಗಳುಗಟ್ಟಲೆ "ಕ್ಷಮಿಸಿ" ಎಂಬ ಉತ್ತರವೇ ಬರುತ್ತಿರುತ್ತದೆ. ಎರಡನೆಯ ಅಥವಾ ಮೂರನೆಯ ಬಗೆಯನ್ನು ಆರಿಸಿಕೊಳ್ಳಿ.

ಇದರ ಜೊತೆಗೇ ಇನ್ನೊಂದನ್ನು ಯೋಚಿಸಬೇಕು. ಡಿಸೆಂಬರಿನಲ್ಲಿ ಅವರು ಬಂದಾಗ ನೀವೆಲ್ಲಿರುತ್ತೀರಿ? ಊರಿನ ಮನೆ, ಅಕ್ಕನ ಮನೆ, ಹೇಗೂ ಹೋಗಬೇಕಾಗಿದ್ದ ಪ್ರವಾಸ, ಏನಾದರೂ ಒಂದು ಗಟ್ಟಿಯಾಗಿರಲಿ. "ಆಗ ನೋಡಿಕೊಂಡರಾಯಿತು" ಎಂದು ಬಿಟ್ಟರೆ ಕೊನೆಗೆ ನಿಮ್ಮೂರಿನಲ್ಲೇ ನೀವು ಲಾಡ್ಜ್ ಹುಡುಕಬೇಕಾಗುತ್ತದೆ.

ಒಬ್ಬರೇ ಹೋಗುವವರಿಗೆ ಪಾಯಿಂಟ್ ಲೆಕ್ಕದಲ್ಲಿ ಒಂದು ಅನುಕೂಲವಿದೆ. ಮನೆಯ ಗಾತ್ರ, ಜಾಗ, ಸೌಕರ್ಯ ನೋಡಿ ರಾತ್ರಿಗಿಷ್ಟು ಎಂದು ಪಾಯಿಂಟ್ ನಿಗದಿಯಾಗುತ್ತದೆ. ನಿಮ್ಮ ಎರಡು ಬೆಡ್‌ರೂಮಿನ ಮನೆ ಗಳಿಸುವ ಪಾಯಿಂಟ್ ಸಾಮಾನ್ಯವಾಗಿ ಅಲ್ಲಿನ ಒಂದು ಕೋಣೆಯ ಸ್ಟುಡಿಯೊಗೆ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. ಅವರು ಇಲ್ಲಿ 10 ರಾತ್ರಿ ಉಳಿದರೆ ನಿಮಗೆ ಅಲ್ಲಿ 10ಕ್ಕಿಂತ ಹೆಚ್ಚು ರಾತ್ರಿ ಸಿಕ್ಕೀತು.

ಹಂತ 2: ಮನೆ ಕೊಡುವ ಹಕ್ಕು ನಿಮಗಿದೆಯೇ?

ಸ್ವಂತ ಮನೆಯಾದರೆ ಅಪಾರ್ಟ್‌ಮೆಂಟ್ ಸಂಘದ ನಿಯಮ ಓದಿಕೊಂಡರೆ ಸಾಕು. ಅತಿಥಿಗಳ ಹೆಸರು, ದಿನಾಂಕವನ್ನು ಮೊದಲೇ ಬರೆದು ಕೊಡಿ ಎನ್ನುವ ಸಂಘಗಳಿವೆ. ಬಾಡಿಗೆ ಮನೆಯಾದರೆ ನಿಮ್ಮ 11 ತಿಂಗಳ ಕರಾರು ಪತ್ರ ತೆಗೆದು ಒಳಬಾಡಿಗೆಗೆ ಸಂಬಂಧಿಸಿದ ಷರತ್ತು ನೋಡಿ. ಹೆಚ್ಚಿನ ಕರಾರುಗಳಲ್ಲಿ ಮನೆಯನ್ನು ಬೇರೆಯವರ ಸ್ವಾಧೀನಕ್ಕೆ ಕೊಡಕೂಡದು ಎಂದಿರುತ್ತದೆ. ನೀವು ಬಾಡಿಗೆ ಪಡೆಯುತ್ತಿಲ್ಲ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಓನರ್ ಒಪ್ಪಿಗೆಯನ್ನು ಇ-ಮೇಲ್ ಅಥವಾ ವಾಟ್ಸಾಪಿನಲ್ಲಾದರೂ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ "ಆಯ್ತಮ್ಮ, ಮಾಡ್ಕೊಳ್ಳಿ" ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಹಂತ 3: ಪುಟ ತೆರೆಯಿರಿ, ಸುಳ್ಳು ಬರೆಯಬೇಡಿ

ಹೋಮ್‌ಎಕ್ಸ್‌ಚೇಂಜ್ ಸದಸ್ಯತ್ವ ವರ್ಷಕ್ಕೆ 200 ಡಾಲರ್ ದಾಟುತ್ತದೆ. ಕಟ್ಟುವ ದಿನದ ದರ ನೋಡಿಕೊಳ್ಳಿ. ಪುಟ ತೆರೆಯಲು, ಮನೆಗಳನ್ನು ನೋಡಲು, ಮಾತುಕತೆ ಶುರುಮಾಡಲು ದುಡ್ಡು ಬೇಡ. ಹಾಗಾಗಿ ಮಾತುಕತೆ ಒಂದು ಹಂತಕ್ಕೆ ಬರುವತನಕ ಹಣ ಕಟ್ಟುವ ಆತುರ ಬೇಡ.

ಹನ್ನೆರಡರಿಂದ ಹದಿನೈದು ಚಿತ್ರ ಸಾಕು. ಬೆಳಗ್ಗೆ ಕಿಟಕಿ ಪರದೆ ಸರಿಸಿ, ಮೊಬೈಲನ್ನು ಅಡ್ಡ ಹಿಡಿದು ತೆಗೆಯಿರಿ. ಹಾಲ್, ಮಲಗುವ ಕೋಣೆ, ಅಡುಗೆಮನೆ ಎಲ್ಲರೂ ಹಾಕುತ್ತಾರೆ. ಮರೆಯುವುದು ಬಚ್ಚಲುಮನೆಯನ್ನು. ವಿದೇಶದವರು ಮೊದಲು ಹುಡುಕುವುದು ಅದನ್ನೇ: ಕಮೋಡ್ ಇದೆಯೇ, ಷವರ್ ಇದೆಯೇ, ಬಿಸಿನೀರು ಯಾವುದರಿಂದ ಬರುತ್ತದೆ. ಮಂಚದ ಅಳತೆ, ಮೆಟ್ಟಿಲು ಎಷ್ಟು, ಲಿಫ್ಟ್ ಇದೆಯೇ, ಎಸಿ ಎಷ್ಟು ಕೋಣೆಗೆ, ಇಂಟರ್ನೆಟ್ ವೇಗ, ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ, ಎಲ್ಲ ಬರೆಯಿರಿ.

ಕೊರತೆಗಳನ್ನೂ ಬರೆಯಿರಿ. ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ, ಎದುರಿನ ದೇವಸ್ಥಾನದ ಮೈಕು ಬೆಳಗಿನ ಐದೂವರೆಗೆ ಶುರುವಾಗುತ್ತದೆ, ಬೋರ್‌ವೆಲ್ ನೀರು ಗಡಸು. ಇದನ್ನು ಓದಿಯೂ ಬರುವವರು ಬಂದ ಮೇಲೆ ಗೊಣಗುವುದಿಲ್ಲ. ಮುಚ್ಚಿಟ್ಟರೆ ನಿಮ್ಮ ಪುಟದ ಕೆಳಗಿನ ಮೊದಲ ವಿಮರ್ಶೆಯೇ ದೂರಿನಿಂದ ಶುರುವಾಗಿ, ಮುಂದಿನ ಬಾಗಿಲುಗಳೆಲ್ಲ ಮುಚ್ಚುತ್ತವೆ.

ಸುತ್ತಮುತ್ತಲಿನ ವಿಶೇಷವನ್ನು ಮೊದಲ ಸಾಲಿನಲ್ಲೇ ಹೇಳಿ. ಮೈಸೂರಿನ ಗೋಕುಲಂಗೆ ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶೀಯರು ತಿಂಗಳುಗಟ್ಟಲೆ ಉಳಿಯುತ್ತಾರೆ. ಮನೆ ಆ ಕಡೆಯಿದ್ದರೆ ಅದೇ ನಿಮ್ಮ ದೊಡ್ಡ ಬಲ. ಬೆಂಗಳೂರಾದರೆ ಮೆಟ್ರೊ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ ಎಂದು ಹೇಳಿ, ಕಿಲೋಮೀಟರ್ ಲೆಕ್ಕ ಅವರಿಗೆ ಏನನ್ನೂ ತಿಳಿಸುವುದಿಲ್ಲ.

ಹಂತ 4: ಮನವಿ ಕಳಿಸುವುದು, ಜನರನ್ನು ಅಳೆಯುವುದು

ಒಂದೇ ಮಾದರಿಯ ಸಂದೇಶವನ್ನು ಐವತ್ತು ಜನಕ್ಕೆ ಅಂಟಿಸಬೇಡಿ. ಅವರ ಪುಟ ಓದಿದ್ದೀರಿ ಎಂಬುದು ಎರಡನೆಯ ಸಾಲಿನಲ್ಲೇ ಗೊತ್ತಾಗಬೇಕು. ಹೀಗಿರಲಿ:

"ಜುಲೈ 8ರಿಂದ 28ರವರೆಗೆ ಲಿಯೋನಿನಲ್ಲಿ ಒಬ್ಬಳೇ ಇರಬೇಕೆಂದಿದ್ದೇನೆ. ನಿಮ್ಮ ಬಾಲ್ಕನಿಯ ಗಿಡಗಳಿಗೆ ನೀರು ಹಾಕುವವರು ಬೇಕು ಎಂದು ಬರೆದಿದ್ದೀರಿ, ಅದನ್ನು ನೋಡಿಕೊಳ್ಳುತ್ತೇನೆ. ಸಿಗರೇಟು ಸೇದುವುದಿಲ್ಲ, ಅತಿಥಿಗಳನ್ನು ಕರೆಯುವುದಿಲ್ಲ. ಮೈಸೂರಿನ ನನ್ನ ಮನೆ ಡಿಸೆಂಬರ್ 18ರಿಂದ ಜನವರಿ 6ರವರೆಗೆ ನಿಮಗಾಗಿ ಖಾಲಿ ಇರುತ್ತದೆ. ನಾನು ಭಾರತದ ಪಾಸ್‌ಪೋರ್ಟಿನವಳು, ವೀಸಾಕ್ಕೆ ನಿಮ್ಮಿಂದ ಒಂದು ದಾಖಲೆ ಬೇಕಾಗುತ್ತದೆ. ಒಪ್ಪಿಗೆಯಿದ್ದರೆ ವೀಡಿಯೊ ಕರೆಯಲ್ಲಿ ಮಾತಾಡೋಣ."

ವೀಸಾ ದಾಖಲೆಯ ಸಾಲನ್ನು ಮೊದಲ ಸಂದೇಶದಲ್ಲೇ ಹಾಕಿ. ಎಲ್ಲ ಕುದುರಿದ ಮೇಲೆ ಹೇಳಿದರೆ ಅವರು ಹಿಂದೆ ಸರಿಯುವ ಸಾಧ್ಯತೆ ಹೆಚ್ಚು. ಯಾಕೆಂದು ಮುಂದಿನ ಹಂತದಲ್ಲಿ ತಿಳಿಯುತ್ತದೆ.

ವೀಡಿಯೊ ಕರೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಕರೆಯಲ್ಲೇ ಬೀದಿ ಬಾಗಿಲಿನಿಂದ ಶುರುಮಾಡಿ ಮಲಗುವ ಕೋಣೆಯ ತನಕ ನಡೆದು ತೋರಿಸಲು ಕೇಳಿ. ನೀವೂ ಹಾಗೆಯೇ ತೋರಿಸಿ. ಒಬ್ಬರೇ ಇರುವವರು ಕೇಳಲೇಬೇಕಾದ ಪ್ರಶ್ನೆಗಳು: ಎಷ್ಟನೆಯ ಮಹಡಿ? ಕೊನೆಯ ಬಸ್ಸು ಅಥವಾ ಟ್ರಾಮ್ ಎಷ್ಟು ಗಂಟೆಗೆ, ಅಲ್ಲಿಂದ ಮನೆಗೆ ದಾರಿದೀಪ ಇದೆಯೇ? ಬೇರೆ ಯಾರ ಬಳಿ ಕೀಲಿ ಇದೆ? ಕಷ್ಟ ಬಂದರೆ ಬಾಗಿಲು ತಟ್ಟಬಹುದಾದ ನೆರೆಯವರು ಯಾರು? ಮನೆಯವರು ಜೊತೆಗಿರುವ ಬಗೆಯಾದರೆ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ಅಲ್ಲಿ ಮೊದಲು ಉಳಿದ ಒಂಟಿ ಹೆಂಗಸರ ವಿಮರ್ಶೆಗಳನ್ನು ಹುಡುಕಿ ಓದಿ.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ಬಿಟ್ಟುಬಿಡಿ: ಮುಂಗಡ ಹಣ ಬೇರೆ ಖಾತೆಗೆ ಹಾಕಿ ಎನ್ನುವುದು, ಕ್ಯಾಮೆರಾ ಕೆಟ್ಟಿದೆ ಎಂದು ವೀಡಿಯೊ ಕರೆ ತಪ್ಪಿಸುವುದು, ಜಾಲತಾಣದ ಹೊರಗೆ ಒಪ್ಪಂದ ಮುಗಿಸೋಣ ಎನ್ನುವುದು. ಮನೆಯ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ಚಿತ್ರ ಬೇರೆ ಊರಿನ ಬಾಡಿಗೆ ಜಾಹೀರಾತಿನಲ್ಲಿ ಸಿಕ್ಕರೆ ಅದು ಮೋಸ.

ಹಂತ 5: ವೀಸಾ. ಇಲ್ಲಿ ನಿಧಾನವಾಗಿ ಓದಿ

ಮನೆ ಅದಲುಬದಲಿನ ಬಗ್ಗೆ ಇರುವ ಬರಹಗಳಲ್ಲಿ ಬಹುಪಾಲು ವೀಸಾ ಬೇಡದ ಪಾಸ್‌ಪೋರ್ಟಿನವರು ಬರೆದವು. ನಮಗೆ ಹೆಚ್ಚು ಕಷ್ಟ ಕೊಡುವ ಈ ಭಾಗ ಅವುಗಳಲ್ಲಿ ಇರುವುದೇ ಇಲ್ಲ.

ಷೆಂಗನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ವೀಸಾಕ್ಕೆ, ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ಆ ಗಡುವನ್ನು ನಂಬಿಕೊಂಡು ಕೂರಬೇಡಿ, ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಜುಲೈ ಪ್ರಯಾಣಕ್ಕೆ ಏಪ್ರಿಲ್‌ನಲ್ಲಿ ಅರ್ಜಿ ಒಳಗೆ ಹೋಗಿರಲಿ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೊ, ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಒಂದಕ್ಕಿಂತ ಹೆಚ್ಚು ದೇಶ ಸುತ್ತುವುದಾದರೆ ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು.

"ಎಲ್ಲಿ ಉಳಿಯುತ್ತೀರಿ?" ಎಂಬುದಕ್ಕೆ ದಾಖಲೆ ಬೇಕು. ಹೋಟೆಲಾದರೆ ಬುಕಿಂಗ್ ಚೀಟಿ. ಖಾಸಗಿ ಮನೆಯಾದರೆ ಫ್ರಾನ್ಸಿನಲ್ಲಿ ಅದಕ್ಕೆ 'ಅತೆಸ್ತಾಸಿಯೋಂ ದಾಕ್ಯೂಯಿ' ಎಂಬ ಅಧಿಕೃತ ಪತ್ರವಿದೆ. ಮನೆಯವರು ತಮ್ಮ ಊರಿನ ಮೇರಿಗೆ, ಅಂದರೆ ಪುರಸಭೆಗೆ, ಖುದ್ದಾಗಿ ಹೋಗಿ, ಗುರುತಿನ ಚೀಟಿ, ಮನೆಯ ದಾಖಲೆ ತೋರಿಸಿ, 30 ಯೂರೊ ಸ್ಟಾಂಪ್ ಶುಲ್ಕ ಕಟ್ಟಿ ಪಡೆಯಬೇಕು. ಅರ್ಜಿ ತಿರಸ್ಕಾರವಾದರೂ ಆ ಹಣ ವಾಪಸ್ ಬರುವುದಿಲ್ಲ. ನಿಮ್ಮ ಸಲುವಾಗಿ ಅವರು ಇಷ್ಟು ಓಡಾಡಬೇಕು, ಅದಕ್ಕೇ ಮೊದಲ ಸಂದೇಶದಲ್ಲೇ ಹೇಳಿ ಎಂದದ್ದು. ಆ 30 ಯೂರೊ ನೀವೇ ಕೊಡುವುದಾಗಿ ಹೇಳುವುದು ಮರ್ಯಾದೆ. ಮೂಲ ಪ್ರತಿಯನ್ನು ಅವರು ಕೊರಿಯರ್ ಮಾಡಬೇಕು, ಅದಕ್ಕೂ ಎರಡು ವಾರ ಹಿಡಿದಿಡಿ. ಈ ಪತ್ರದಿಂದ ಒಂದು ಲಾಭವೂ ಇದೆ. ಹೋಟೆಲಿನಲ್ಲಿ ಉಳಿಯುವವರು ದಿನಕ್ಕೆ 65 ಯೂರೊ ಖರ್ಚಿಗೆ ಹಣ ಇದೆ ಎಂದು ತೋರಿಸಬೇಕಾದರೆ, ಈ ಪತ್ರ ಇದ್ದವರಿಗೆ ಅದು ಸುಮಾರು 32 ಯೂರೊಗೆ ಇಳಿಯುತ್ತದೆ.

ಬೇರೆ ದೇಶಗಳಲ್ಲಿ ಪತ್ರದ ಹೆಸರು, ಕೊಡುವ ಕಚೇರಿ ಬದಲಾಗುತ್ತದೆ. ಸ್ಪೇನಿನಲ್ಲಿ ಆಹ್ವಾನ ಪತ್ರಕ್ಕೆ ಪೊಲೀಸ್ ಕಚೇರಿಗೆ ಹೋಗಬೇಕು. ಇಟಲಿಯಲ್ಲಿ ವಿದೇಶೀಯರಿಗೆ ಮನೆ ಕೊಟ್ಟವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ಕಾನೂನಿದೆ, ಮನೆಯವರಿಗೆ ಇದನ್ನು ನೆನಪಿಸಿ. ನೀವು ಹೋಗುವ ದೇಶದ ವೀಸಾ ಕೇಂದ್ರದ ಪಟ್ಟಿಯಲ್ಲಿ "ಖಾಸಗಿ ಮನೆ" ಎಂಬ ಸಾಲಿನ ಎದುರು ಏನಿದೆ ಎಂದು ನೋಡಿ, ಅದನ್ನೇ ಅಕ್ಷರಶಃ ಪಾಲಿಸಿ.

ಎರಡು ಎಚ್ಚರಿಕೆ. ವೀಸಾಕ್ಕೆಂದು ಹೋಟೆಲ್ ಬುಕ್ ಮಾಡಿ ಆಮೇಲೆ ರದ್ದು ಮಾಡುವ ಉಪಾಯ ಹೇಳಿಕೊಡುವವರು ಇದ್ದಾರೆ. ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ತಿರಸ್ಕಾರದ ಮುದ್ರೆ ಮುಂದಿನ ಅರ್ಜಿಗಳನ್ನೂ ಕಾಡುತ್ತದೆ. ಇನ್ನೊಂದು, ನಾಯಿ ಬೆಕ್ಕು ನೋಡಿಕೊಂಡು ಅದಕ್ಕೆ ಬದಲಾಗಿ ಮನೆಯಲ್ಲಿ ಉಳಿಯುವುದು ಮನೆ ಅದಲುಬದಲು ಅಲ್ಲ. ಕೆಲವು ದೇಶಗಳ ವಲಸೆ ಅಧಿಕಾರಿಗಳು, ಅದರಲ್ಲೂ ಅಮೆರಿಕದವರು, ಅದನ್ನು ಕೆಲಸ ಎಂದೇ ಎಣಿಸಬಹುದು. ಪ್ರವಾಸಿ ವೀಸಾದಲ್ಲಿ ಅದಕ್ಕೆ ಕೈಹಾಕಬೇಡಿ.

ಹಂತ 6: ಒಪ್ಪಂದವನ್ನು ಬರಹಕ್ಕೆ ಇಳಿಸಿ

ಜಾಲತಾಣದಲ್ಲಿ ಇಬ್ಬರೂ "ಖಚಿತ" ಎಂದು ಒತ್ತಿದ ಮೇಲೆಯೇ ಅದರ ಭದ್ರತೆ ನಿಮಗೆ ಅನ್ವಯಿಸುವುದು. ಅದರ ಜೊತೆಗೆ ಒಂದು ಪುಟದ ಕರಾರು ನೀವೇ ಬರೆದುಕೊಳ್ಳಿ: ಬರುವ ಹೋಗುವ ದಿನ, ಗಂಟೆ, ಎಷ್ಟು ಜನ, ಕೀಲಿ ಎಷ್ಟು, ಕೊನೆಯಲ್ಲಿ ಸ್ವಚ್ಛ ಮಾಡುವವರು ಯಾರು, ಕರೆಂಟು ನೀರಿನ ಬಿಲ್ಲು ಯಾರದು, ಒಡೆದರೆ ಏನು, ಯಾವ ಕಪಾಟು ಮುಟ್ಟಬಾರದು.

ವೀಸಾ ತಿರಸ್ಕಾರವಾದರೆ ಅದಲುಬದಲು ತಾನಾಗಿ ರದ್ದಾಗುತ್ತದೆ, ಯಾರೂ ಯಾರಿಗೂ ಏನೂ ಕೊಡಬೇಕಿಲ್ಲ ಎಂಬ ಸಾಲು ಇದರಲ್ಲಿ ಇರಲೇಬೇಕು. ವೀಸಾ ಕೈಗೆ ಬರುವತನಕ ಹಣ ವಾಪಸ್ ಬಾರದ ವಿಮಾನ ಟಿಕೆಟ್ ತೆಗೆಯಬೇಡಿ.

ಪ್ರಯಾಣ ವಿಮೆ ತೆಗೆದುಕೊಳ್ಳುವಾಗ "ವೈಯಕ್ತಿಕ ಹೊಣೆಗಾರಿಕೆ" ಎಂಬ ಭಾಗ ಹುಡುಕಿ. ನೀವು ನಲ್ಲಿ ಬಿಟ್ಟು ಮರೆತು ಕೆಳಗಿನ ಮನೆಯ ಚಾವಣಿ ಹಾಳಾದರೆ ಬರುವ ಪರಿಹಾರದ ಬೇಡಿಕೆ ಅದರೊಳಗೆ ಬರುತ್ತದೆಯೇ ಎಂದು ಕಂಪನಿಯನ್ನು ಕೇಳಿ ತಿಳಿಯಿರಿ. ಮನೆಯವರೂ ತಮ್ಮ ವಿಮೆ ಕಂಪನಿಗೆ ಅತಿಥಿ ಬರುವ ವಿಷಯ ತಿಳಿಸಲಿ.

ಹಂತ 7: ತಲುಪಿದ ದಿನ

ಬೆಳಕಿರುವಾಗಲೇ ಮನೆ ಸೇರುವಂತೆ ವಿಮಾನ, ರೈಲು ಆರಿಸಿ. ಮನೆಯ ವಿಳಾಸ, ನೆರೆಯವರ ಫೋನ್ ನಂಬರು ಊರಿನಲ್ಲಿ ಇಬ್ಬರ ಬಳಿ ಇರಲಿ. ಒಂದು ರಾತ್ರಿಯ ಹೋಟೆಲ್‌ಗೆ ಆಗುವಷ್ಟು ಹಣ ಬೇರೆ ಎತ್ತಿಡಿ, ಕೀಲಿ ಸಿಗದಿದ್ದರೆ ಬೇಕಾಗುತ್ತದೆ. ಯುರೋಪಿನ ತುರ್ತು ಸಂಖ್ಯೆಯೂ ನಮ್ಮಂತೆಯೇ 112.

ಕೀಲಿಯ ವಿಷಯದಲ್ಲಿ ಮಾತ್ರ ವಿಶೇಷ ಜಾಗ್ರತೆ ಬೇಕು. ಫ್ರಾನ್ಸಿನ ಎಷ್ಟೋ ಮನೆಗಳ ಮುಂಬಾಗಿಲಿಗೆ ಹೊರಗಡೆ ತಿರುಗುವ ಹಿಡಿಕೆ ಇರುವುದಿಲ್ಲ, ಗಟ್ಟಿಯಾಗಿ ಕೂತ ಗುಂಡಿ ಮಾತ್ರ ಇರುತ್ತದೆ. ಬಾಗಿಲು ಹಾಕಿಕೊಂಡರೆ ಮುಗಿಯಿತು, ಕೀಲಿ ಇಲ್ಲದೆ ತೆರೆಯದು. ಕಸ ಹಾಕಲು ಎರಡು ನಿಮಿಷ ಹೊರಗೆ ಹೋದಾಗ ಗಾಳಿಗೆ ಬಾಗಿಲು ಬಡಿದರೆ, ಒಬ್ಬರೇ ಇರುವ ನಿಮಗೆ ಒಳಗಿನಿಂದ ತೆರೆಯುವವರು ಯಾರೂ ಇಲ್ಲ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಕೀಲಿಯನ್ನು ಒಳಗಡೆಯಿಂದ ಬೀಗದಲ್ಲೇ ಬಿಟ್ಟು ಹೊರಬಂದರೆ, ನೆರೆಯವರ ಬಳಿಯ ಇನ್ನೊಂದು ಕೀಲಿಯೂ ಹೊರಗಿನಿಂದ ಒಳಹೋಗದಿರಬಹುದು. ಬೀಗ ತೆಗೆಯುವವನು ರಾತ್ರಿ ಅಥವಾ ಭಾನುವಾರ ಬಂದರೆ ನೂರಾರು ಯೂರೊ ಕೇಳುತ್ತಾನೆ. ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಮೊದಲ ಒಂದು ಗಂಟೆಯಲ್ಲಿ ಪ್ರತಿ ಕೋಣೆಯ ವೀಡಿಯೊ ಮಾಡಿ. ಮೊದಲೇ ಇದ್ದ ಬಿರುಕು, ಕಲೆ ಕಂಡರೆ ಅಂದೇ ಜಾಲತಾಣದ ಸಂದೇಶದಲ್ಲಿ ಮನೆಯವರಿಗೆ ತಿಳಿಸಿ. ಮುಖ್ಯ ನೀರಿನ ವಾಲ್ವ್, ಕರೆಂಟಿನ ಬೋರ್ಡ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ.

ಹಂತ 8: ಅವರ ಮನೆಯಲ್ಲಿ ನಮ್ಮ ಅಭ್ಯಾಸಗಳು

ಜಗಳಗಳು ಹುಟ್ಟುವುದು ಹೆಚ್ಚಾಗಿ ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ.

ಅಲ್ಲಿನ ಬಚ್ಚಲುಮನೆಯ ನೆಲದಲ್ಲಿ ಬಹುಪಾಲು ನೀರು ಹೋಗುವ ಜಾಲರಿಯೇ ಇರುವುದಿಲ್ಲ. ಚೊಂಬಿನಲ್ಲಿ ನೀರು ಸುರಿದುಕೊಂಡು ಸ್ನಾನ ಮಾಡಿದರೆ, ನೆಲಕ್ಕೆ ನೀರು ಹೊಡೆದು ತೊಳೆದರೆ, ಆ ನೀರು ನೇರ ಕೆಳಗಿನ ಮನೆಗೆ ಇಳಿಯುತ್ತದೆ. ಷವರಿನ ಪರದೆಯೊಳಗೇ ಸ್ನಾನ, ನೆಲಕ್ಕೆ ಒದ್ದೆ ಬಟ್ಟೆಯ ಒರೆಸು ಮಾತ್ರ.

ಒಗ್ಗರಣೆ ಹಾಕುವ ಮೊದಲು ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಎಣ್ಣೆ ಹೊಗೆಯಾಡಿ ಸಾಸಿವೆ ಸಿಡಿಯುವಷ್ಟರಲ್ಲಿ ಚಾವಣಿಯ ಹೊಗೆ ಅಲಾರಂ ಕಿರುಚತೊಡಗುತ್ತದೆ. ಅಲಾರಂ ಕಳಚಿಡುವುದು ಅಪಾಯ, ಉರಿ ಸಣ್ಣ ಮಾಡಿ. ಅರಿಸಿನ ಬಿಳಿ ಕಲ್ಲು, ಪ್ಲಾಸ್ಟಿಕ್, ಮರದ ಹಲಗೆಗೆ ಹತ್ತಿದರೆ ಹೋಗುವುದಿಲ್ಲ, ಕೆಳಗೆ ಹಳೇ ಪೇಪರ್ ಹಾಸಿಕೊಳ್ಳಿ. ಇಂಡಕ್ಷನ್ ಒಲೆಯಾದರೆ ನಿಮ್ಮ ಅಲ್ಯೂಮಿನಿಯಂ ಕುಕ್ಕರ್ ಬಿಸಿಯಾಗದು. ಫ್ರಿಜ್ ಮೇಲಿನ ಅಯಸ್ಕಾಂತ ಪಾತ್ರೆಯ ತಳಕ್ಕೆ ಅಂಟಿದರೆ ಮಾತ್ರ ಆ ಪಾತ್ರೆ ನಡೆಯುತ್ತದೆ.

ಜುಲೈಯಲ್ಲಿ ಲಿಯೋನ್ ಸುಡುತ್ತದೆ, ಹೆಚ್ಚಿನ ಮನೆಗಳಲ್ಲಿ ಎಸಿ ಇಲ್ಲ. ಹಗಲು ಕಿಟಕಿಯ ಹೊರಗಿನ ಪಡಿಗಳನ್ನು ಮುಚ್ಚಿಟ್ಟು ರಾತ್ರಿ ತೆರೆಯುವುದು ಅಲ್ಲಿಯ ಕ್ರಮ. ಕಸವನ್ನು ಹೇಗೆ ಬೇರೆ ಮಾಡಬೇಕೆಂದು ಮನೆಯವರಿಂದ ಕೇಳಿ ತಿಳಿಯಿರಿ. ಗಾಜಿನ ಬಾಟಲಿಗೆ ಸಾಮಾನ್ಯವಾಗಿ ಬೀದಿಯಲ್ಲೇ ಬೇರೆ ಡಬ್ಬ ಇರುತ್ತದೆ.

ಹೊರಡುವ ಹಿಂದಿನ ದಿನ ಹಾಸಿಗೆ ಬಟ್ಟೆ ಒಗೆದು ಹಾಕಿ, ಫ್ರಿಜ್ ಖಾಲಿ ಮಾಡಿ, ನೀವು ಮುಗಿಸಿದ ಎಣ್ಣೆ, ಕಾಫಿ ಪುಡಿ ತಂದಿಡಿ. ಮತ್ತೊಮ್ಮೆ ಎಲ್ಲ ಕೋಣೆಯ ವೀಡಿಯೊ.

ಹಂತ 9: ಈಗ ಅವರ ಸರದಿ

ಡಿಸೆಂಬರಿಗೆ ಮುಂಚೆ ಮನೆಯ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆದಿಡಿ. ನಮಗೆ ಹೇಳದೆಯೇ ಗೊತ್ತಿರುವುದೆಲ್ಲ ಅವರಿಗೆ ಹೊಸದು: ಗೀಸರ್ ಸ್ವಿಚ್ ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಹಾಕಬೇಕು, ಕುಡಿಯಲು ಫಿಲ್ಟರ್ ನೀರು ಮಾತ್ರ, ಸಂಪಿನಿಂದ ಟ್ಯಾಂಕಿಗೆ ಮೋಟಾರ್ ಎಷ್ಟು ಹೊತ್ತು ಓಡಿಸಬೇಕು, ಸಿಲಿಂಡರ್ ರೆಗ್ಯುಲೇಟರ್ ಯಾವ ಕಡೆಗೆ ತಿರುಗಿಸಬೇಕು, ಹಸಿ ಕಸ ಒಣ ಕಸ ಯಾವ ದಿನ, ಕೆಲಸದವರು ಬರುವ ಹೊತ್ತು. ಸ್ವಿಚ್‌ಗಳ ಮೇಲೆ ಚೀಟಿ ಅಂಟಿಸಿ. ನೀರಿನ ಟ್ಯಾಂಕರಿನವರ ನಂಬರು, ಎಲೆಕ್ಟ್ರಿಷಿಯನ್ ನಂಬರು ಫ್ರಿಜ್ ಬಾಗಿಲಲ್ಲಿರಲಿ. ಒಡವೆ, ಪತ್ರಗಳನ್ನು ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗ ಹಾಕಿದ್ದೀರಿ ಎಂಬುದನ್ನೂ ಮೊದಲೇ ತಿಳಿಸಿ.

ಅವರು ಇ-ವೀಸಾ ಅರ್ಜಿಯಲ್ಲಿ ಭಾರತದಲ್ಲಿ ತಿಳಿದವರ ಹೆಸರು, ವಿಳಾಸ ಕೊಡಬೇಕಾಗುತ್ತದೆ. ಅಲ್ಲಿ ನಿಮ್ಮ ಹೆಸರು ಬರುತ್ತದೆ.

ಹೆಚ್ಚಿನವರು ಮರೆಯುವುದು ಫಾರ್ಮ್ III, 2025ರವರೆಗೆ ಸಿ-ಫಾರ್ಮ್ ಎನ್ನುತ್ತಿದ್ದದ್ದು. ವಿದೇಶೀಯರನ್ನು ಉಳಿಸಿಕೊಂಡವರು ಅವರು ಬಂದ 24 ಗಂಟೆಯೊಳಗೆ ವಿದೇಶೀಯರ ನೋಂದಣಿ ಕಚೇರಿಯ ಜಾಲತಾಣದಲ್ಲಿ ಅವರ ವಿವರ ತುಂಬಬೇಕು. ಇದು ಹೋಟೆಲಿಗೆ ಮಾತ್ರವಲ್ಲ, ಬಾಡಿಗೆ ಪಡೆಯದ ಮನೆಗೂ ಅನ್ವಯ. ಅದಕ್ಕೆ ನಿಮ್ಮ ಮನೆಯ ಹೆಸರಿನಲ್ಲಿ ಮೊದಲು ಖಾತೆ ತೆರೆಯಬೇಕು, ಒಪ್ಪಿಗೆ ಬರಲು ಸಮಯ ಹಿಡಿಯುತ್ತದೆ. ಅವರು ಬರುವುದಕ್ಕೆ ಒಂದು ತಿಂಗಳು ಮೊದಲೇ ಖಾತೆ ಮಾಡಿಟ್ಟುಕೊಳ್ಳಿ. ನೀವು ಆಗ ಊರಿನಲ್ಲಿದ್ದರೂ ತೊಂದರೆಯಿಲ್ಲ. ವಿಮಾನ ಇಳಿದ ಕೂಡಲೇ ಪಾಸ್‌ಪೋರ್ಟಿನ ಫೋಟೊ ಪುಟ, ವೀಸಾ, ಪ್ರವೇಶದ ಮುದ್ರೆ, ಮುಖದ ಚಿತ್ರ ಕಳಿಸಲು ಹೇಳಿ, ಅಲ್ಲಿಂದಲೇ ಮೊಬೈಲಿನಲ್ಲಿ ತುಂಬಿ. ತುಂಬಿದ ಮೇಲೆ ಸಿಗುವ ಫಾರ್ಮಿನ ಪ್ರತಿಯನ್ನು ಅವರಿಗೂ ಒಂದು ಕಳಿಸಿ, ನಿಮ್ಮಲ್ಲೂ ಒಂದು ಇಟ್ಟುಕೊಳ್ಳಿ.